ಪೇಟೆಯಲ್ಲಿ ಬಂಡಿ ಬಿಡುವ ಎಡೆ

ಚರಿತ್ರೆಯೆಂದೊಡನೆ ಅರಸರ ಪಟ್ಟಾಭಿಷೇಕ, ಯುದ್ಧ, ಸಂಧಿ, ಇವುಗಳ ಇಸವಿಗಳೇ ನಮ್ಮ ಮಕ್ಕಳ ಕಣ್ಣ ಮುಂದೆ ಬಂದು ನಿಲ್ಲುವುವು. ಪಾಠಪುಸ್ತಕಗಳೂ ಬಹುಮಟ್ಟಿಗೆ ಇವನ್ನೇ ಹೇಳುವುವು. ಆದರೆ ಜನಸಾಮಾನ್ಯರ ದಿನದಿನದ ಬಾಳಿಗೆ ಸಂಬಂಧಿಸಿದ ಸಣ್ಣ ಸಂಗತಿಗಳಿಗೂ ತಮ್ಮದೇ ಆದ ಚರಿತ್ರೆಯುಂಟು. ಹಳ್ಳಿಯವನು ದೊಡ್ಡ ಪಟ್ಟಣಕ್ಕೆ ಹೋದಾಗ ತನ್ನ ವಾಹನವನ್ನು ಎಲ್ಲಿ ನಿಲ್ಲಿಸಬೇಕು, ಅದಕ್ಕಾಗಿ ಎಷ್ಟು ತೆರಬೇಕು ಎಂಬುದು ಅಂತಹ ಸಂಗತಿಗಳಲ್ಲೊಂದು. ಕೇಳುವುದಕ್ಕೆ ಇದು ಅಲ್ಪವಾಗಿ ತೋರಬಹುದು. ಆದರೆ ಪರಸ್ಥಳದಿಂದ ಬಂದವನನ್ನು ಪಟ್ಟಣವು ಹೇಗೆ ಕಂಡಿತು, ಹೇಗೆ ಕಾಣುತ್ತಿದೆ ಎಂಬ ದೊಡ್ಡ ಪ್ರಶ್ನೆಯು ಇದರೊಳಗೆ ಅಡಗಿದೆ. ಈ ವಿಷಯವನ್ನೇ ನಾವು ಇಲ್ಲಿ ಕಾಲಾನುಕ್ರಮವಾಗಿ ವಿವೇಚಿಸಲು ಹೊರಟಿದ್ದೇವೆ.

ನಮ್ಮ ರೊದ್ದಂ ಹಳೆಯ ಊರು. ನಿಡುಗಲ್ಲಿನ ಚೋಳರ ಕಾಲದ ಶಾಸನಗಳಲ್ಲಿ ರೊದ್ದ ಎಂಬ ನಾಡಿನ ಹೆಸರು ಬರುವುದು. ಊರು ಇಂದು ಆಂಧ್ರ ಪ್ರದೇಶದಲ್ಲಿದೆ; 2022ರವರೆಗೆ ಅನಂತಪುರ ಜಿಲ್ಲೆಗೆ ಸೇರಿದ್ದು ಆ ವರ್ಷದ ಏಪ್ರಿಲಿನಲ್ಲಿ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಜ್ಯದ ಗಡಿ ಎಲ್ಲಿಯೇ ಇರಲಿ, ಈ ಸೀಮೆಯವರಿಗೆ ಹತ್ತಿರದ ಮಹಾನಗರವೆಂದರೆ ಬೆಂಗಳೂರೇ. ಒಂದು ಕಡೆ ಪೆನುಕೊಂಡೆಯಿಂದ ಹೆದ್ದಾರಿ. ಮತ್ತೊಂದು ಕಡೆ ಹಿಂದೂಪುರದಿಂದ ಗೌರಿಬಿದನೂರು, ದೊಡ್ಡಬಳ್ಳಾಪುರಗಳ ಮೇಲೆ ಹೋಗುವ ರೈಲು. ಬೆಳೆ ಮಾರುವವರು, ಸರಕು ತರುವವರು, ಮಕ್ಕಳನ್ನು ಕಾಲೇಜಿಗೆ ಸೇರಿಸುವವರು, ಎಲ್ಲಕ್ಕಿಂತ ಹೆಚ್ಚಾಗಿ ರೋಗಿಗಳನ್ನು ಕರೆದುಕೊಂಡು ಹೋಗುವವರು, ಇವರೆಲ್ಲರ ಹಾದಿಯೂ ಅತ್ತಲೇ. 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ, 1973ರ ಕಿದ್ವಾಯಿ ಗ್ರಂಥಿ ಸಂಸ್ಥೆ, 1974ರ ನಿಮ್ಹಾನ್ಸ್, ಈ ಹೆಸರುಗಳನ್ನು ಕೇಳದ ಮನೆ ನಮ್ಮ ಕಡೆ ಇರಲಾರದು. ಹೀಗೆ ಹೋದವರು ಊರಿಗೆ ಹಿಂದಿರುಗಿ ಹೇಳುವ ಕಷ್ಟಗಳಲ್ಲಿ ಮೊದಲನೆಯದು ರೋಗದ್ದಲ್ಲ, ಹಣದ್ದೂ ಅಲ್ಲ. 'ಗಾಡಿ ನಿಲ್ಲಿಸುವುದಕ್ಕೆ ಜಾಗವಿಲ್ಲ' ಎಂಬುದೇ.

ಪೂರ್ವಕಾಲದಲ್ಲಿ ಈ ಕಷ್ಟವಿರಲಿಲ್ಲವೇ? ಇದ್ದಿತು, ಆದರೆ ಅದರ ರೂಪವು ಬೇರೆ. ಅಂದಿನ ವಾಹನ ಎತ್ತಿನ ಬಂಡಿ, ಇಲ್ಲವೆ ಹೇರೆತ್ತು. ಬಂಡಿಯು ಗಂಟೆಗೆ ಎರಡು ಮೈಲಿಯಂತೆ ದಿನಕ್ಕೆ ಹದಿನೈದು ಮೈಲಿ ನಡೆದರೆ ಹೆಚ್ಚು. ಈ ಲೆಕ್ಕದಲ್ಲಿ ರೊದ್ದದಿಂದ ಬೆಂಗಳೂರು ಸುಮಾರು ಐದು ದಿನದ ಹಾದಿ. ಎತ್ತು ಕಬ್ಬಿಣದ ಯಂತ್ರವಲ್ಲ. ಅದಕ್ಕೆ ನೆರಳು, ನೀರು, ಹುಲ್ಲು ಬೇಕು. ಆದುದರಿಂದ ಬಂಡಿ ಬಿಡುವ ಎಡೆಯೆಂದರೆ ಬರಿಯ ನೆಲವಲ್ಲ. ಮರವಿರುವ, ಕೆರೆಯೋ ಬಾವಿಯೋ ಇರುವ ನೆಲ. ಈ ಅಗತ್ಯವನ್ನು ಆಳುವವರು ಬಹು ಹಿಂದೆಯೇ ಅರಿತಿದ್ದರು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯು ತನ್ನ ಏಳನೆಯ ಸ್ತಂಭಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದನ್ನೂ, ಮಾವಿನ ತೋಪುಗಳನ್ನು ಬೆಳೆಸಿದುದನ್ನೂ, ಬಾವಿಗಳನ್ನು ತೋಡಿಸಿ ತಂಗುದಾಣಗಳನ್ನು ಕಟ್ಟಿಸಿದುದನ್ನೂ ಹೇಳಿಕೊಂಡಿದ್ದಾನೆ. ಮನುಷ್ಯನೊಡನೆ ಪಶುವನ್ನೂ ಎಣಿಸಿದುದನ್ನು ವಾಚಕರು ಗಮನಿಸಬೇಕು. ಅಂದಿನ ಪಶುವೇ ಇಂದಿನ ವಾಹನ.

ಈ ಧರ್ಮವು ನಮ್ಮ ನಾಡಿನಲ್ಲಿ ಗುಂಡುತೋಪು, ಅರವಟ್ಟಿಗೆ, ಸತ್ರ ಎಂಬ ಮೂರು ರೂಪಗಳಲ್ಲಿ ಬೆಳೆದುಬಂದಿತು. ಊರ ಹೊರಗಣ ಗುಂಡುತೋಪಿನಲ್ಲಿ ದಾರಿಗನು ಕೊರಳು ಹರಿದು ಎತ್ತು ಕಟ್ಟಿ ರಾತ್ರಿಯನ್ನು ಕಳೆಯುತ್ತಿದ್ದನು. ಅರವಟ್ಟಿಗೆಯಲ್ಲಿ ನೀರು ಮಜ್ಜಿಗೆ ದೊರೆಯುತ್ತಿದ್ದುವು. ಸತ್ರದಲ್ಲಿ ಮಲಗಲು ಜಗಲಿ, ಕೆಲವೆಡೆ ಅನ್ನವೂ ಉಂಟು. ಇವುಗಳಿಗೆ ಬಾಡಿಗೆಯಿರಲಿಲ್ಲ. ಇದನ್ನು ಪುಣ್ಯವೆಂದು ಹೇಳಿ ಮುಗಿಸಿಬಿಡುವುದು ವಾಡಿಕೆ. ಪುಣ್ಯಬುದ್ಧಿ ಇದ್ದುದು ನಿಜ. ಆದರೆ ಅದರ ಜತೆಗೆ ಒಂದು ಲೆಕ್ಕಾಚಾರವೂ ಇದ್ದಿತೆಂಬುದನ್ನು ರೈತರ ಮಕ್ಕಳಾದ ನಮ್ಮ ವಿದ್ಯಾರ್ಥಿಗಳು ಸುಲಭವಾಗಿ ತಿಳಿಯಬಲ್ಲರು. ನಿಂತ ಎತ್ತು ಗೊಬ್ಬರವನ್ನು ಬಿಟ್ಟು ಹೋಗುವುದು. ನಮ್ಮ ಸೀಮೆಯಲ್ಲಿ ಬೇಸಗೆಯ ಹೊತ್ತಿಗೆ ಹೊಲದೊಡೆಯನು ಕುರಿಯ ಮಂದೆಯನ್ನು ತನ್ನ ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಂಡು, ಅದಕ್ಕಾಗಿ ಕುರುಬನಿಗೆ ತಾನೇ ಧಾನ್ಯವನ್ನೋ ಹಣವನ್ನೋ ಕೊಡುವುದುಂಟಷ್ಟೆ. ಅಂದರೆ ಅಲ್ಲಿ ನಿಲ್ಲುವವನು ನೆಲದವನಿಗೆ ತೆರುವುದಿಲ್ಲ. ನೆಲದವನೇ ನಿಲ್ಲುವವನಿಗೆ ತೆರುವನು! ನಿಲ್ಲುವುದರಿಂದ ನೆಲಕ್ಕೆ ಲಾಭವಿದ್ದಷ್ಟು ಕಾಲವೂ ನಿಲುಗಡೆಗೆ ಬೆಲೆ ಹುಟ್ಟಲಿಲ್ಲ. ಈ ಸೂತ್ರವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯು ತಾನಾಗಿಯೇ ಬಿಡಿಸಿಕೊಳ್ಳುವುದು.

ಇನ್ನು ಬೆಂಗಳೂರಿನ ಕಡೆಗೆ ತಿರುಗೋಣ. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದ ಪೇಟೆಯು ಮೊದಲಿನಿಂದಲೂ ಬಂದುಹೋಗುವವರ ಊರು. ಆತನು ವಿಜಯನಗರದ ಅರಸರಿಗೆ ಸಾಮಂತನಾಗಿದ್ದನು. 1565ರ ಯುದ್ಧದ ಅನಂತರ ಆ ಅರಸರ ರಾಜಧಾನಿಯು ನಮ್ಮ ನೆರೆಯ ಪೆನುಕೊಂಡೆಗೇ ಬಂದಿತು. ಪೆನುಕೊಂಡೆಗೂ ಬೆಂಗಳೂರಿಗೂ ಹೀಗೆ ನಂಟು ಹಳೆಯದು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ತರಗುಪೇಟೆ, ಈ ಹೆಸರುಗಳನ್ನು ನೋಡಿದರೆ ಸಾಕು, ಯಾವ ಸರಕು ಎಲ್ಲಿ ಇಳಿಯಬೇಕೆಂಬುದನ್ನು ಊರೇ ಹೇಳುತ್ತಿದ್ದಿತೆಂದು ತಿಳಿಯುವುದು. 1800ರಲ್ಲಿ ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿಗೆ ಬರುತ್ತಿದ್ದ ಹತ್ತಿ, ಉಪ್ಪು, ರೇಷ್ಮೆಗಳನ್ನು ಎತ್ತಿನ ಹೇರುಗಳ ಲೆಕ್ಕದಲ್ಲಿಯೇ ಬರೆದಿಟ್ಟಿದ್ದಾನೆ. ಉಪ್ಪೊಂದೇ ವರ್ಷಕ್ಕೆ ಸಾವಿರಾರು ಹೇರು. ಪೇಟೆಯ ಬೀದಿಗಳು ಇಕ್ಕಟ್ಟು. ಎದುರುಬದುರು ಬಂಡಿ ಬಂದರೆ ಒಂದು ಹಿಂದೆ ಸರಿಯಬೇಕು. ಆದರೂ ಊರು ಕಟ್ಟಿಹೋಗಲಿಲ್ಲ. ಏಕೆಂದರೆ ಬಂಡಿ ಸರಕನ್ನು ಇಳಿಸಿ ಪೇಟೆಯ ಹೊರಗೆ ಕೆರೆಯ ಮಗ್ಗುಲಿಗೆ ಹೋಗಬೇಕಾಗಿದ್ದಿತು. ಎತ್ತಿನ ಬಾಯಾರಿಕೆಯೇ ಅದನ್ನು ಹೊರಡಿಸುತ್ತಿದ್ದಿತು. ಪೇಟೆಯ ಅಂಚಿನಲ್ಲಿ ಧರ್ಮಾಂಬುಧಿ ಕೆರೆ, ಸಂಪಂಗಿ ಕೆರೆಗಳು ತುಂಬಿದ್ದುವು. ಮುಂದೆ ಈ ಕೆರೆಗಳು ಬತ್ತಿ, ಧರ್ಮಾಂಬುಧಿಯ ಅಂಗಳದಲ್ಲಿ ಇಂದಿನ ಕೆಂಪೇಗೌಡ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವೂ ಎದ್ದುವು.

ಪರಸ್ಥಳದ ಬಂಡಿಗಳಿಗೆ ಪಟ್ಟಣವು ಇಡೀ ಬೀದಿಯನ್ನೇ ಬಿಟ್ಟುಕೊಟ್ಟ ನಿದರ್ಶನವೂ ಉಂಟು. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಅರಿಯದವರಾರು? ಕಾರ್ತಿಕದ ಕಡೆಯ ಸೋಮವಾರ ಸುತ್ತಣ ಹಳ್ಳಿಗಳ ರೈತರು ಹೊಸ ಕಡಲೆಕಾಯಿಯನ್ನು ತಂದು ಬಸವಣ್ಣನ ಗುಡಿಯ ಹಾದಿಯುದ್ದಕ್ಕೂ ರಾಶಿ ಹಾಕುವರು. ಎತ್ತಿನ ದೇವರ ಮುಂದೆ ಎತ್ತಿನ ಬಂಡಿಗೆ ಎಡೆಯಿಲ್ಲವೆನ್ನುವವರು ಯಾರೂ ಇರಲಿಲ್ಲ. ಇನ್ನೊಂದು ನಿದರ್ಶನ ಗುಬ್ಬಿ ತೋಟದಪ್ಪನವರದು. ವ್ಯಾಪಾರದಿಂದ ಗಳಿಸಿದ ಧನವನ್ನು ಅವರು ಧರ್ಮಕ್ಕೆ ವಿನಿಯೋಗಿಸಿ, ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಪ್ರಯಾಣಿಕರಿಗಾಗಿ ಛತ್ರವೊಂದನ್ನು ಕಟ್ಟಿಸಿದರು. ಅದು ತೆರೆದದ್ದು 1903ರಲ್ಲಿ. ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೂ ಅವರು ಆಶ್ರಯವನ್ನು ಕಲ್ಪಿಸಿದರು. ಇಲ್ಲಿ ನಾವು ಗಮನಿಸಬೇಕಾದುದು ಛತ್ರದ ಸ್ಥಳವನ್ನು. ಹಿಂದಿನ ಸತ್ರಗಳು ದಾರಿಯಲ್ಲಿಯೂ ಕೆರೆಯ ಬಳಿಯಲ್ಲಿಯೂ ಇದ್ದುವು. ಇದು ರೈಲು ನಿಲ್ದಾಣದ ಎದುರಿಗೆ ಬಂದಿತು. ದಾರಿಗನು ಬರುವ ಬಾಗಿಲು ಬದಲಾದುದನ್ನು ತೋಟದಪ್ಪನವರು ಕಂಡುಕೊಂಡಿದ್ದರು.

ಆ ಬಾಗಿಲನ್ನು ಬದಲಾಯಿಸಿದುದು ರೈಲು. ಗುಂತಕಲ್ಲಿನಿಂದ ಮೈಸೂರು ಸಂಸ್ಥಾನದ ಗಡಿಯವರೆಗಿನ ಮೀಟರ್ ಗೇಜ್ ಹಾದಿಯು 1893ರಲ್ಲಿ ತೆರೆಯಿತು. ಪೆನುಕೊಂಡೆ, ಹಿಂದೂಪುರಗಳು ಅದರ ಮೇಲಿನ ನಿಲ್ದಾಣಗಳಾದುವು. ಐದು ದಿನದ ಬಂಡಿಯ ಹಾದಿಯು ಒಂದು ಹಗಲಿನ ಪಯಣವಾಯಿತು. ಅಂದಿನಿಂದ ರೈತನ ಬಂಡಿ ಬೆಂಗಳೂರಿನವರೆಗೆ ಹೋಗಬೇಕಾದುದಿಲ್ಲ. ಹಿಂದೂಪುರದ ನಿಲ್ದಾಣದವರೆಗೆ ಹೋಗಿ, ಬೆಲ್ಲವನ್ನೋ ಹುಣಿಸೆಯನ್ನೋ ಇಳಿಸಿ, ಯಜಮಾನನನ್ನು ರೈಲು ಹತ್ತಿಸಿ, ಬಂಡಿ ಊರಿಗೆ ಮರಳಬಹುದು. ವಾಹನವನ್ನು ಪಟ್ಟಣದ ಹೊರಗೆ ಬಿಟ್ಟು, ಎಲ್ಲರಿಗೂ ಸೇರಿದ ವಾಹನದಲ್ಲಿ ಒಳಗೆ ಹೋಗುವ ಪದ್ಧತಿಯನ್ನು ಇಂದು ಹೊಸದೆಂಬಂತೆ ಹೇಳುವರು. ವಾಸ್ತವವಾಗಿ ನಮ್ಮ ತಾತಂದಿರ ಕಾಲದಲ್ಲಿಯೇ ಅದು ರೂಢಿಗೆ ಬಂದಿದ್ದಿತು. ಎತ್ತು ಹೋಗಿ ಸೈಕಲ್ಲು ಬಂದ ಮೇಲೆ ನಿಲ್ದಾಣಗಳ ಮಗ್ಗುಲಲ್ಲಿ ಸೈಕಲ್ ಸ್ಟ್ಯಾಂಡುಗಳಾದುವು. ಸಂಖ್ಯೆ ಬರೆದ ಬಿಲ್ಲೆಯೊಂದನ್ನು ಸೈಕಲ್ಲಿಗೆ ಕಟ್ಟಿ, ಅದರ ಜೋಡಿಯನ್ನು ಒಡೆಯನ ಕೈಗೆ ಕೊಟ್ಟು, ಕೆಲವು ಕಾಸುಗಳಿಗೆ ಹಗಲೆಲ್ಲ ಕಾಯುತ್ತಿದ್ದ ಆ ಏರ್ಪಾಡು ಹಿರಿಯರಿಗೆ ನೆನಪಿರುವುದು.

ಇಷ್ಟರಲ್ಲಿ ಊರುಗಳು ಬೆಳೆದುವು. ಪುರಸಭೆಗಳು ಹುಟ್ಟಿದುವು. ಬೆಂಗಳೂರಿನಲ್ಲಿ 1862ರಲ್ಲಿಯೇ ಪುರಸಭೆಯಾಗಿದ್ದಿತು. ನಮ್ಮ ಕಡೆ ಆಗ ಮದರಾಸು ಆಧಿಪತ್ಯ. ಹಿಂದೂಪುರಕ್ಕೆ 1920ರಲ್ಲಿ ಪುರಸಭೆ ಬಂದಿತು. ಅದೇ ವರ್ಷದ ಮದರಾಸು ಜಿಲ್ಲಾ ಪುರಸಭೆಗಳ ಕಾಯಿದೆಯಲ್ಲಿ ಬಂಡಿ ನಿಲ್ದಾಣಗಳನ್ನು ಕುರಿತ ವಿಧಿಗಳು ಇದ್ದುವು. ಪುರಸಭೆಯು ಬಂಡಿ ನಿಲ್ದಾಣವನ್ನು ಕಟ್ಟಿಸಬಹುದು. ಅದನ್ನು ಬಳಸುವವರಿಂದ ಶುಲ್ಕವನ್ನು ಪಡೆಯಬಹುದು. ಆದರೆ ಆ ಶುಲ್ಕದ ಪಟ್ಟಿಯನ್ನು ಇಂಗ್ಲಿಷಿನಲ್ಲಿಯೂ ಜಿಲ್ಲೆಯ ದೇಶಭಾಷೆಯಲ್ಲಿಯೂ ಬರೆದು, ನಿಲ್ದಾಣದಲ್ಲಿ ಎಲ್ಲರ ಕಣ್ಣಿಗೆ ಬೀಳುವ ಎಡೆಯಲ್ಲಿ ತೂಗುಹಾಕಬೇಕು. ಕಾಲಕ್ರಮದಲ್ಲಿ ಬಂಡಿ ನಿಲ್ದಾಣ ಎಂಬ ಮಾತಿನ ಅರ್ಥದೊಳಗೆ ಮೋಟಾರು ವಾಹನವೂ ಸೇರಿತು. ಈ ಕಾಯಿದೆಯಿಂದ ಎರಡು ಮಾರ್ಪಾಡುಗಳಾದುವು. ಮೊದಲನೆಯದು, ನಿಲುಗಡೆಯು ಧರ್ಮದಿಂದ ದರಕ್ಕೆ ತಿರುಗಿತು. ಎರಡನೆಯದು, ಆ ದರವು ಗುಟ್ಟಾಗಿರದೆ ಬಂದವನು ಓದಬಲ್ಲ ಭಾಷೆಯಲ್ಲಿ ಬಹಿರಂಗವಾಯಿತು. ಮೊದಲನೆಯದನ್ನು ನಷ್ಟವೆನ್ನುವವರು ಎರಡನೆಯದನ್ನು ಲಾಭವೆಂದು ಎಣಿಸಬೇಕು. ಆದರೆ ಆಚರಣೆಯಲ್ಲಿ ಒಂದು ತೊಡಕು ಸೇರಿತು. ಪುರಸಭೆಗಳು ಶುಲ್ಕ ವಸೂಲಿಯ ಹಕ್ಕನ್ನು ವರ್ಷ ವರ್ಷವೂ ಹರಾಜು ಹಾಕಿ ಗುತ್ತಿಗೆಗೆ ಕೊಡುವ ಪದ್ಧತಿಯನ್ನು ಹಿಡಿದುವು. ಗುತ್ತಿಗೆದಾರನು ಕಟ್ಟಿದ ಹಣವನ್ನು ಮೀರಿ ಗಳಿಸಲು ಆತುರಪಡುವನು. ಹಲಗೆಯ ಮೇಲಿನ ದರ ಒಂದು, ಬಾಯಲ್ಲಿ ಕೇಳುವ ದರ ಇನ್ನೊಂದಾದರೆ, ಅಪರಿಚಿತ ಊರಿನಲ್ಲಿ ಹಳ್ಳಿಯವನು ಯಾರೊಡನೆ ವಾದಿಸಬಲ್ಲನು?

ಮೋಟಾರು ಬಂದ ಮೇಲೆ ಹಿಂದೆ ಹೇಳಿದ ಸೂತ್ರವೇ ತಲೆಕೆಳಗಾಯಿತು. ಕಾರಿಗೆ ಬಾಯಾರಿಕೆಯಿಲ್ಲ, ಆದುದರಿಂದ ನಿಂತಲ್ಲಿಂದ ಅದು ತಾನಾಗಿ ಏಳದು. ಅದು ಗೊಬ್ಬರವನ್ನು ಕೊಡದು. ಆದುದರಿಂದ ನೆಲದವನಿಗೆ ಅದರಿಂದ ಲಾಭವಿಲ್ಲ. ಬೆಳಗ್ಗೆ ಬಂದು ಸಂಜೆಯವರೆಗೂ ಅದು ಅದೇ ಎಡೆಯಲ್ಲಿ ನಿಲ್ಲಬಲ್ಲದು. ನೆಲದ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಲಿ. ಒಂದು ಕಾರು ನಿಲ್ಲಲು ಐದು ಮೀಟರು ಉದ್ದ, ಎರಡೂವರೆ ಮೀಟರು ಅಗಲ, ಅಂದರೆ ಹನ್ನೆರಡೂವರೆ ಚದರ ಮೀಟರು ನೆಲ ಬೇಕು. ಆರು ಮೀಟರು ಉದ್ದ, ಆರು ಮೀಟರು ಅಗಲವಾದ ತರಗತಿಯ ಕೋಣೆಯ ವಿಸ್ತೀರ್ಣ ಮೂವತ್ತಾರು ಚದರ ಮೀಟರು. ನಲವತ್ತು ಮಕ್ಕಳು ಕುಳಿತು ಕಲಿಯುವ ಕೋಣೆಯಲ್ಲಿ ಮೂರು ಕಾರುಗಳು ಸಹ ಹಿಡಿಸವು! ಇಂತಹ ನೆಲಕ್ಕೆ ಪಟ್ಟಣದಲ್ಲಿ ಬೆಲೆ ಹುಟ್ಟುವುದು ಆಶ್ಚರ್ಯವಲ್ಲ. ಆದುದರಿಂದಲೇ 1939ರ ಮೋಟಾರು ವಾಹನಗಳ ಕಾಯಿದೆಯಲ್ಲಿಯೂ, ಅದರ ಸ್ಥಾನದಲ್ಲಿ ಬಂದ 1988ರ ಕಾಯಿದೆಯಲ್ಲಿಯೂ ವಾಹನಗಳು ನಿಲ್ಲತಕ್ಕ ಸ್ಥಳಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಡಲಾಯಿತು.

ಈ ತೊಡಕು ನಮ್ಮ ದೇಶಕ್ಕೆ ಮಾತ್ರ ಬಂದುದಲ್ಲ. ಕ್ರಿಸ್ತಪೂರ್ವ 45ರ ಸುಮಾರಿನಲ್ಲಿ ಜೂಲಿಯಸ್ ಸೀಸರನ ಕಾಲದ ರೋಮ್ ನಗರದಲ್ಲಿ ಬೀದಿಗಳು ಬಂಡಿಗಳಿಂದ ಕಿಕ್ಕಿರಿಯಲು, ಹಗಲಿನಲ್ಲಿ ಬಂಡಿಗಳು ನಗರದೊಳಗೆ ಬರಬಾರದೆಂದು ಕಾಯಿದೆಯಾಯಿತು. ಕಟ್ಟಡದ ಸಾಮಾನು ಮುಂತಾದ ಕೆಲವಕ್ಕೆ ಮಾತ್ರ ರಿಯಾಯಿತಿಯಿದ್ದಿತು. ಅಮೆರಿಕಾ ದೇಶದ ಒಕ್ಲಹೋಮ ನಗರದಲ್ಲಿ 1935ರ ಜುಲೈ 16ರಂದು ಲೋಕದ ಮೊದಲನೆಯ ನಿಲುಗಡೆ ಮೀಟರನ್ನು ನೆಟ್ಟರು. ಅದನ್ನು ಯೋಚಿಸಿದವರು ಕಾರ್ಲ್ ಮೆಗೀ ಎಂಬ ಪತ್ರಿಕಾ ಸಂಪಾದಕರು. ಗಂಟೆಗೆ ಐದು ಸೆಂಟು ಶುಲ್ಕ. ಏತಕ್ಕೆ? ನಗರದ ಬೊಕ್ಕಸವನ್ನು ತುಂಬುವುದು ಅದರ ಮೊದಲ ಉದ್ದೇಶವಾಗಿರಲಿಲ್ಲ. ಅಂಗಡಿಗಳಲ್ಲಿಯೂ ಕಚೇರಿಗಳಲ್ಲಿಯೂ ಕೆಲಸ ಮಾಡುವವರು ಬೆಳಗ್ಗೆಯೇ ಬಂದು ಬೀದಿಯ ಬದಿಯನ್ನೆಲ್ಲ ಹಿಡಿದುಬಿಡುತ್ತಿದ್ದರು. ಹೊರಗಿನಿಂದ ಕೊಳ್ಳಲು ಬಂದವರಿಗೆ ಎಡೆಯಿರುತ್ತಿರಲಿಲ್ಲ. ವ್ಯಾಪಾರಿಗಳ ಈ ದೂರಿಗೆ ಮೀಟರೇ ಮದ್ದಾಯಿತು. ಎತ್ತಿನ ಬಾಯಾರಿಕೆ ಮಾಡುತ್ತಿದ್ದ ಕೆಲಸವನ್ನು ಐದು ಸೆಂಟಿನ ನಾಣ್ಯ ಮಾಡತೊಡಗಿತು ಎಂದು ನಾವು ಹೇಳಬಹುದು. ಬಂದ ಬಂಡಿ ಏಳಬೇಕು, ಮತ್ತೊಬ್ಬನಿಗೆ ಎಡೆಯಾಗಬೇಕು.

ಬೆಂಗಳೂರಿನ ಜನಸಂಖ್ಯೆ 1941ರಲ್ಲಿ ನಾಲ್ಕು ಲಕ್ಷದಷ್ಟಿದ್ದುದು 1951ರಲ್ಲಿ ಏಳು ಮುಕ್ಕಾಲು ಲಕ್ಷವಾಯಿತು. 2011ರಲ್ಲಿ 84 ಲಕ್ಷವನ್ನು ದಾಟಿತು. 1949ರಲ್ಲಿ ಪೇಟೆಯ ಪುರಸಭೆಯೂ ದಂಡಿನ ಪುರಸಭೆಯೂ ಕೂಡಿ ನಗರ ಕಾರ್ಪೊರೇಷನ್ ಆದುವು. ವಾಹನಗಳ ಸಂಖ್ಯೆಯಂತೂ ಈಚೆಗೆ ಒಂದು ಕೋಟಿಯನ್ನು ಮೀರಿದೆ. ಮಹಾನಗರ ಪಾಲಿಕೆಯು ಮುಖ್ಯ ರಸ್ತೆಗಳಲ್ಲಿ ಹಣ ಕೊಟ್ಟು ನಿಲ್ಲಿಸುವ ಪದ್ಧತಿಯನ್ನು ಇಟ್ಟಿದ್ದಿತು. ಅಲ್ಲಿಯೂ ವಸೂಲಿ ಗುತ್ತಿಗೆಯದೇ. ಗೊತ್ತಾದ ದರಕ್ಕಿಂತ ಹೆಚ್ಚು ಕೇಳುವರೆಂಬ ದೂರುಗಳು ಬೆಳೆದುವು. ಕಡೆಗೆ 2005ರಲ್ಲಿ ಆ ಪದ್ಧತಿಯನ್ನೇ ತೆಗೆದುಹಾಕಿ, ರಸ್ತೆಯ ನಿಲುಗಡೆಯನ್ನು ಉಚಿತವಾಗಿ ಮಾಡಿದರು. ಜನರು ಸಂತೋಷಪಟ್ಟುದು ಸಹಜವೇ. ಆದರೆ ಫಲವೇನಾಯಿತು? ಒಕ್ಲಹೋಮದಲ್ಲಿ ಮೀಟರಿಗೆ ಮೊದಲು ನಡೆಯುತ್ತಿದ್ದುದೇ ಇಲ್ಲಿ ಮೀಟರು ಹೋದ ಮೇಲೆ ನಡೆಯಿತು. ಸ್ಥಳದವರ ವಾಹನಗಳು ಹೊತ್ತು ಹುಟ್ಟುವ ಮೊದಲೇ ಬೀದಿಯ ಬದಿಯನ್ನು ಹಿಡಿದುವು. ನೂರು ಕಿಲೋಮೀಟರಿಗೂ ಆಚೆಯಿಂದ ಹತ್ತು ಗಂಟೆಗೆ ಬಂದವನಿಗೆ ಉಳಿದುದು ನಿಲ್ಲಿಸಬಾರದ ಜಾಗ ಮಾತ್ರ. ಅಲ್ಲಿ ನಿಲ್ಲಿಸಿದರೆ ದಂಡ; ಇಲ್ಲವೆ ಖಾಸಗಿ ಅಂಗಳದವರು ಕೇಳಿದಷ್ಟು. ಉಚಿತವೆಂಬುದು ಮೊದಲು ಬಂದವನ ಪಾಲಾಯಿತು. ದೂರದಿಂದ ಬಂದವನ ಪಾಲಾಗಲಿಲ್ಲ.

ಅದೇ 2005ನೆಯ ವರ್ಷ ಅಮೆರಿಕಾದಲ್ಲಿ ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು 'ದಿ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್' ಎಂಬ ದೊಡ್ಡ ಗ್ರಂಥವನ್ನು ಪ್ರಕಟಿಸಿದುದು ಒಂದು ವಿಚಿತ್ರ ಹೊಂದಿಕೆ. ಉಚಿತವೆಂದು ಕೊಟ್ಟ ನಿಲುಗಡೆಗೂ ಯಾರೋ ಒಬ್ಬರು ಬೆಲೆಯನ್ನು ತೆತ್ತೇ ತೆರುವರೆಂಬುದು ಅವರ ವಾದ. ಅಂಗಡಿಯವನು ತನ್ನ ಅಂಗಳದ ವೆಚ್ಚವನ್ನು ಸರಕಿನ ಬೆಲೆಯಲ್ಲಿ ಸೇರಿಸುವನು. ಕಾರಿಲ್ಲದೆ ನಡೆದು ಬಂದವನೂ ಅದನ್ನು ತೆರುವನು. ಜಾಗವನ್ನು ಹುಡುಕುತ್ತ ಸುತ್ತುವ ವಾಹನಗಳು ಎಣ್ಣೆಯನ್ನೂ ಹೊತ್ತನ್ನೂ ಸುಡುವುವು. ಈ ವಾದದಲ್ಲಿ ಸತ್ಯವಿದೆ. ಆದರೆ ನಮ್ಮ ಕಡೆಯವರ ಪರವಾಗಿ ಒಂದು ಮಾತನ್ನು ಸೇರಿಸಬೇಕು. ಬೆಲೆ ಇರಬೇಕೆಂಬುದು ಒಂದು; ಆ ಬೆಲೆ ಬಡವನ ಕೈಗೆ ಎಟುಕಬೇಕೆಂಬುದು ಇನ್ನೊಂದು. ಗಂಟೆಗೆ ಇಪ್ಪತ್ತು ರೂಪಾಯಿ ಎಂದಿಟ್ಟುಕೊಳ್ಳೋಣ. ಬಟ್ಟೆ ಕೊಳ್ಳಲು ಬಂದವನು ಒಂದು ಗಂಟೆ ನಿಂತು ಇಪ್ಪತ್ತು ರೂಪಾಯಿ ಕೊಟ್ಟು ಹೊರಡುವನು. ಆಸ್ಪತ್ರೆಯ ಸಾಲಿನಲ್ಲಿ ಎಂಟು ಗಂಟೆ ಕಾಯುವವನು ನೂರ ಅರವತ್ತು ತೆರಬೇಕು. ಕಾಯುವುದು ಅವನ ಇಚ್ಛೆಯಲ್ಲ. ಒಂದೇ ಅಳತೆಗೋಲಿನಿಂದ ಇಬ್ಬರನ್ನೂ ಅಳೆಯುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

2020-21ರಲ್ಲಿ ಬೆಂಗಳೂರಿಗಾಗಿ ಎರಡನೆಯ ನಿಲುಗಡೆ ನೀತಿಯೊಂದು ಸಿದ್ಧವಾಗಿ ಸರ್ಕಾರದ ಒಪ್ಪಿಗೆಯನ್ನು ಪಡೆಯಿತು. ಉಚಿತ ನಿಲುಗಡೆಯನ್ನು ಕ್ರಮೇಣ ಬಿಟ್ಟು ಶುಲ್ಕದ ನಿಲುಗಡೆಗೆ ಮರಳಬೇಕೆಂಬುದು ಅದರ ತಿರುಳು. ಹಳೆಯ ಸೆಂಟ್ರಲ್ ಜೈಲಿದ್ದ ಸ್ಥಳದಲ್ಲಿ ಫ್ರೀಡಂ ಪಾರ್ಕ್ ಎಂಬ ಉದ್ಯಾನವಿದೆಯಷ್ಟೆ. ಅದರ ಮಗ್ಗುಲಲ್ಲಿ ಹಲವು ಅಂತಸ್ತುಗಳ ನಿಲುಗಡೆ ಕಟ್ಟಡವೊಂದು 2024ರ ಜೂನ್ ತಿಂಗಳಲ್ಲಿ ತೆರೆಯಿತು. ಅಲ್ಲಿ 556 ಕಾರುಗಳೂ 445 ದ್ವಿಚಕ್ರ ವಾಹನಗಳೂ ನಿಲ್ಲಬಲ್ಲವು. ತೆರೆದಾಗ ಮೊದಲ ಗಂಟೆಗೆ ಕಾರಿಗೆ 25 ರೂಪಾಯಿ, ದ್ವಿಚಕ್ರಕ್ಕೆ 15 ರೂಪಾಯಿ ಗೊತ್ತಾಗಿದ್ದಿತು. ಗೊತ್ತಾದ ದರ, ನೆರಳು, ಕಾವಲು ಎಲ್ಲವೂ ಇದ್ದರೂ ಮೊದಲ ದಿನಗಳಲ್ಲಿ ಆ ಕಟ್ಟಡ ಬಹುಪಾಲು ಬರಿದಾಗಿಯೇ ಇದ್ದಿತು. ಸುತ್ತಣ ರಸ್ತೆಗಳಲ್ಲಿ ಪುಕ್ಕಟೆಯ ಜಾಗ ಸಿಕ್ಕುವಾಗ ಹಣ ತೆತ್ತು ಒಳಗೆ ಹೋಗುವವರು ಯಾರು? ರಸ್ತೆಯನ್ನು ಬಿಟ್ಟು ಕಟ್ಟಡವನ್ನು ಮಾತ್ರ ಕಟ್ಟಿದರೆ, ಕೆರೆಯ ಏರಿಯಲ್ಲಿ ಗಂಡಿಯನ್ನು ಬಿಟ್ಟು ಕೆರೆಯನ್ನು ಆಳ ಮಾಡಿದಂತೆ ಆಗುವುದು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಆಡಳಿತವು ಐದು ನಗರ ಪಾಲಿಕೆಗಳಾಗಿ ಹಂಚಿಹೋಯಿತು. ಈ ಭಾರ ಇನ್ನು ಆ ಐವರ ಹೆಗಲಿನ ಮೇಲಿದೆ.

ಹಾಗಾದರೆ ನಮ್ಮಂತಹ ಊರಿನವನು ಅಗ್ಗವಾಗಿ ವಾಹನ ನಿಲ್ಲಿಸುವ ದಾರಿಯಾವುದು? ಚರಿತ್ರೆ ಇದಕ್ಕೆ ಉತ್ತರವನ್ನು ಕೊಡದೆ ಇಲ್ಲ. 1893ರಲ್ಲಿ ಬಂಡಿಯನ್ನು ಹಿಂದೂಪುರದಲ್ಲಿ ಬಿಟ್ಟು ರೈಲು ಹತ್ತಿದವನ ದಾರಿಯೇ ಇಂದಿಗೂ ಅಗ್ಗದ ದಾರಿ. ತನ್ನ ಊರಿನ ಹತ್ತಿರದ ನಿಲ್ದಾಣದಲ್ಲಿ ದಿನಕ್ಕೆ ತೆರುವ ಹಣವು ಮಹಾನಗರದ ನಡುವೆ ತೆರುವುದಕ್ಕಿಂತ ಕಡಮೆ. ಕಾರಿನಲ್ಲಿಯೇ ಹೋಗಬೇಕಾದ ರೋಗಿಯಿದ್ದರೆ, ಅವನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ, ವಾಹನವನ್ನು ನಗರದ ಅಂಚಿನಲ್ಲಿ ಬಿಟ್ಟು ಒಳಗೆ ಮರಳುವುದು ಲೇಸು. 2011ರ ಅಕ್ಟೋಬರ್ 20ರಂದು ಮೊದಲ ತುಂಡು ತೆರೆದ ಬೆಂಗಳೂರಿನ ಮೆಟ್ರೋ ರೈಲು, 2024ರ ನವೆಂಬರಿನಲ್ಲಿ ತುಮಕೂರು ರಸ್ತೆಯ ಮಾದಾವರದವರೆಗೂ ಬಂದಿದೆ. ಕೆಲವು ಮೆಟ್ರೋ ನಿಲ್ದಾಣಗಳಲ್ಲಿ ಶುಲ್ಕದ ನಿಲುಗಡೆಯ ಅಂಗಳಗಳಿವೆ. ಇನ್ನು ಆಳುವವರು ಮಾಡಬೇಕಾದುದು ಮೂರು. ನಗರದ ಪ್ರತಿಯೊಂದು ಹೆಬ್ಬಾಗಿಲಿನಲ್ಲಿಯೂ ಹಳೆಯ ಗುಂಡುತೋಪಿನ ಸ್ಥಾನದಲ್ಲಿ ಒಂದು ವಾಹನದ ತೋಪು ಬೇಕು. ದೊಡ್ಡ ಆಸ್ಪತ್ರೆಗಳ ಬಳಿ ರೋಗಿಯ ಚೀಟಿಯನ್ನು ತೋರಿಸಿದವನಿಗೆ ಗಂಟೆಯ ದರವಲ್ಲದೆ ದಿನದ ದರವಿರಬೇಕು. ಎಲ್ಲ ಕಡೆಯೂ ದರದ ಹಲಗೆ ಇರಬೇಕು. ಅದು ಬಂದವನು ಓದಬಲ್ಲ ಭಾಷೆಯಲ್ಲಿರಬೇಕು. ಈ ಮೂರನೆಯ ಮಾತು 1920ರ ಕಾಯಿದೆಯಲ್ಲಿಯೇ ಇದ್ದಿತು ಎಂಬುದನ್ನು ಮರೆಯಲಾಗದು.

ಗಡಿನಾಡಿನ ಕನ್ನಡಿಗರಿಗೆ ಆ ಹಲಗೆಯ ಬೆಲೆ ಚೆನ್ನಾಗಿ ಗೊತ್ತು. ಬರೆದಿಟ್ಟ ದರವನ್ನು ಓದಬಲ್ಲವನನ್ನು ಮೋಸಗೊಳಿಸುವುದು ಕಷ್ಟ. ಓದಲಾರದವನು ಕೇಳಿದಷ್ಟನ್ನು ಕೊಡುವನು. ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರವನ್ನೂ ಮಗ್ಗಿಯನ್ನೂ ಕಲಿಸುವುದು ಪರೀಕ್ಷೆಗಾಗಿ ಮಾತ್ರವಲ್ಲ, ಇಂತಹ ಹಲಗೆಯ ಮುಂದೆ ಅವರು ತಲೆಯೆತ್ತಿ ನಿಲ್ಲಲೆಂದು. ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ತಮ್ಮ ತಮ್ಮ ಊರುಗಳಲ್ಲಿ ಹಿಂದೆ ಬಂಡಿ ಬಿಡುತ್ತಿದ್ದ ತೋಪು ಎಲ್ಲಿದ್ದಿತು, ಅದರ ಬಾವಿಯನ್ನು ಯಾರು ತೋಡಿಸಿದರು, ಈಗ ಆ ನೆಲದಲ್ಲಿ ಏನಿದೆ ಎಂಬುದನ್ನು ವಿದ್ಯಾರ್ಥಿಗಳು ಹಿರಿಯರಿಂದ ಕೇಳಿ ಬರೆದು ತರಲಿ. ಒಂದೊಂದು ಊರಿನ ಒಂದೊಂದು ಪುಟ ಸೇರಿದರೂ ಈ ಸೀಮೆಯ ಚರಿತ್ರೆಯಲ್ಲಿ ಒಂದು ಅಧ್ಯಾಯವಾಗುವುದು. ಅರಸರ ಅಧ್ಯಾಯಗಳನ್ನು ಬರೆದವರು ಬಹು ಮಂದಿ ಇದ್ದಾರೆ. ದಾರಿಗರ ಅಧ್ಯಾಯವನ್ನು ಬರೆಯಬೇಕಾದವರು ನಾವೇ.